ಖಾತೆ ಮುಚ್ಚಿದವರು ಕಾರಣ ಹೇಳಬೇಕೇ?

(ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಇಮೇಲ್ ಓದುತ್ತೇನೆ, ಕೇಳಿ. "ನಿಮ್ಮ ಖಾತೆಯಲ್ಲಿ ಅಸಹಜ ಚಟುವಟಿಕೆ ಕಂಡುಬಂದಿದೆ. ನಮ್ಮ ಸೇವಾ ನಿಯಮಗಳ ಪ್ರಕಾರ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಭದ್ರತೆಯ ದೃಷ್ಟಿಯಿಂದ ಹೆಚ್ಚಿನ ವಿವರ ನೀಡಲು ಸಾಧ್ಯವಿಲ್ಲ. ಈ ನಿರ್ಧಾರ ಅಂತಿಮ."

ಇದು ಯಾವುದೋ ಒಂದು ಕಂಪನಿಯ ಪತ್ರ ಅಲ್ಲ. ಹಣ ಕಳಿಸುವ ಆ್ಯಪ್ ಇರಲಿ, ಸಾಮಾನು ಮಾರುವ ತಾಣ ಇರಲಿ, ಜಾಹೀರಾತಿನ ಖಾತೆ ಇರಲಿ, ಬರುವುದು ಹೆಚ್ಚುಕಡಿಮೆ ಇದೇ ನಾಲ್ಕು ಸಾಲು. ಇದರಲ್ಲಿ ಏನೇನಿಲ್ಲ ನೋಡಿ. ಯಾವ ದಿನ ಏನಾಯಿತು ಅಂತ ಇಲ್ಲ. ಯಾವ ನಿಯಮ ಮುರಿದಿರಿ ಅಂತ ಇಲ್ಲ. ನಿರ್ಧಾರ ಮಾಡಿದ್ದು ಯಂತ್ರವೋ ಮನುಷ್ಯರೋ ಗೊತ್ತಾಗುವುದಿಲ್ಲ. ಖಾತೆಯಲ್ಲಿದ್ದ ಹಣದ ಗತಿ ಏನು ಅನ್ನುವುದೂ ಇಲ್ಲ. ಇದಕ್ಕೆ ಉತ್ತರ ಬರೆಯಲು ಕೂತವರು ಏನು ಬರೆಯಬೇಕು? "ನಾನು ಏನೂ ಮಾಡಿಲ್ಲ, ದಯವಿಟ್ಟು ಮತ್ತೊಮ್ಮೆ ನೋಡಿ" ಅಂತ ಬರೆಯುತ್ತಾರೆ. ಮೋಸ ಮಾಡಿದವರೂ ಅದನ್ನೇ ಬರೆಯುತ್ತಾರೆ. ಓದುವವರಿಗೆ ಇಬ್ಬರ ನಡುವೆ ವ್ಯತ್ಯಾಸ ಕಾಣುವ ದಾರಿಯೇ ಇರುವುದಿಲ್ಲ.

ಮೋಸ ಪತ್ತೆ ಮಾಡುವ ತಂಡಗಳಲ್ಲಿ, ಖಾತೆಗಳನ್ನು ಪರಿಶೀಲಿಸುವ ಕೆಲಸದಲ್ಲಿ ನಾನು ಕೆಲವು ವರ್ಷ ಇದ್ದೆ. ಆ ಕೆಲಸದ ಮೇಲೆ ನನಗೆ ಗೌರವ ಇದೆ. ಕದ್ದ ಕಾರ್ಡಿನಿಂದ ಹಣ ಹೋದವರು, ನಕಲಿ ಅಂಗಡಿಗೆ ದುಡ್ಡು ಕಟ್ಟಿ ಕೈ ಸುಟ್ಟುಕೊಂಡವರು ನಿಜವಾದ ಜನ. ಅವರನ್ನು ಕಾಯುವ ವ್ಯವಸ್ಥೆ ಬೇಕೇ ಬೇಕು. ನನ್ನ ಮಾತು ಅದರ ವಿರುದ್ಧ ಅಲ್ಲ. ನಾನು ಹೇಳಬೇಕೆಂದಿರುವುದು ಇಷ್ಟು. ಒಬ್ಬರ ಮೇಲೆ ಮೋಸದ ಆರೋಪ ಹೊರಿಸಿ ಖಾತೆ ಮುಚ್ಚಿದ ಮೇಲೆ, ಆರೋಪ ಏನು ಅಂತ ಅವರಿಗೆ ಹೇಳಲೇಬೇಕು. ಅದನ್ನು ಹೇಗೆ ಪತ್ತೆ ಮಾಡಿದಿರಿ ಅಂತ ಹೇಳುವುದು ಬೇಡ. ಕಂಪನಿಗಳು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಬಚ್ಚಿಡುತ್ತವೆ. ಗಂಟು ಬಿಚ್ಚಿ ನೋಡೋಣ.

ಮೊದಲು ಆ ವ್ಯವಸ್ಥೆ ಒಳಗೆ ಹೇಗಿರುತ್ತದೆ ಅಂತ ತಿಳಿದಿರಬೇಕು. ಖಾತೆಯಿಂದ ನೂರಾರು ಸುಳಿವುಗಳು ಬರುತ್ತಿರುತ್ತವೆ. ಯಾವ ಫೋನಿನಿಂದ ಲಾಗಿನ್ ಆಯಿತು, ಯಾವ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ), ಅದೇ ಫೋನಿನಲ್ಲಿ ಇನ್ನೆಷ್ಟು ಖಾತೆ ಇವೆ, ಎಷ್ಟು ಬೇಗ ಬೇಗ ಪಾವತಿ ಆಗುತ್ತಿವೆ, ಪಾಸ್‌ವರ್ಡ್ ಯಾವಾಗ ಬದಲಾಯಿತು, ಹಿಂದೆ ಎಷ್ಟು ಚಾರ್ಜ್‌ಬ್ಯಾಕ್ (ಕಾರ್ಡ್ ಮಾಲೀಕರು ದೂರು ಕೊಟ್ಟು ಹಣ ವಾಪಸ್ ಪಡೆಯುವುದು) ಬಂದಿವೆ, ಹೀಗೆ. ಕೆಲವಕ್ಕೆ ಮನುಷ್ಯರು ಬರೆದ ನಿಯಮಗಳಿರುತ್ತವೆ. ಉಳಿದವನ್ನು ಮಷೀನ್ ಲರ್ನಿಂಗ್ ಮಾಡೆಲ್, ಅಂದರೆ ಹಳೆಯ ದಾಖಲೆಗಳಿಂದ ಕಲಿತ ಕಂಪ್ಯೂಟರ್ ವ್ಯವಸ್ಥೆ, ಒಟ್ಟು ಸೇರಿಸಿ ಅನುಮಾನ ಎಷ್ಟು ಅಂತ ಒಂದು ಸ್ಕೋರ್ ಕೊಡುತ್ತದೆ. ಸ್ಕೋರ್ ಒಂದು ಗೆರೆ ದಾಟಿದರೆ ಖಾತೆ ಫ್ಲ್ಯಾಗ್ ಆಗುತ್ತದೆ, ಅಂದರೆ ಅನುಮಾನದ ಪಟ್ಟಿಗೆ ಸೇರುತ್ತದೆ. ಇನ್ನೂ ಮೇಲಿನ ಗೆರೆ ದಾಟಿದರೆ ತಾನಾಗಿಯೇ ಮುಚ್ಚಿಹೋಗುತ್ತದೆ. ಆ ಗೆರೆ ಎಲ್ಲಿರಬೇಕು ಅಂತ ತೀರ್ಮಾನಿಸುವುದು ಕಂಪನಿ. ಗೆರೆ ಕೆಳಗಿಳಿಸಿದರೆ ಕಳ್ಳರು ಜಾಸ್ತಿ ಸಿಗುತ್ತಾರೆ, ಅಮಾಯಕರೂ ಜಾಸ್ತಿ ಸಿಕ್ಕಿಬೀಳುತ್ತಾರೆ. ಮೇಲೆತ್ತಿದರೆ ಎರಡೂ ಕಡಿಮೆ.

ಈಗ ಒಂದು ಸಣ್ಣ ಲೆಕ್ಕ. ಅಂಕಿಗಳು ಸುಮ್ನೆ ಉದಾಹರಣೆಗೆ. 1 ಕೋಟಿ ಖಾತೆಗಳಿವೆ ಅನ್ನಿ. ಸಾವಿರಕ್ಕೆ ಒಂದು ಮೋಸದ ಖಾತೆ. ಅಂದರೆ 10,000. ವ್ಯವಸ್ಥೆ 100ಕ್ಕೆ 99 ಸಲ ಸರಿಯಾಗಿ ಗುರುತಿಸುತ್ತದೆ, ಮೋಸದವರನ್ನೂ, ಒಳ್ಳೆಯವರನ್ನೂ. ಕೇಳಲು ತುಂಬಾ ಚೆನ್ನಾಗಿದೆ, ಅಲ್ವಾ? 10,000 ಕಳ್ಳರಲ್ಲಿ 9,900 ಜನ ಸಿಕ್ಕರು. ಇತ್ತ 99,90,000 ಒಳ್ಳೆಯವರಲ್ಲಿ 100ಕ್ಕೆ 1ರಂತೆ 99,900 ಜನವೂ ಸಿಕ್ಕಿಬಿದ್ದರು. ಒಟ್ಟು ಫ್ಲ್ಯಾಗ್ ಆದವರಲ್ಲಿ 100ಕ್ಕೆ 91 ಜನ ಏನೂ ಮಾಡದವರು. ನಿಜವಾದ ಕಂಪನಿಗಳು ಇದಕ್ಕಿಂತ ಹುಷಾರಾಗಿ ಗೆರೆ ಎಳೆಯುತ್ತವೆ, ಅದನ್ನು ಒಪ್ಪುತ್ತೇನೆ. ಆದರೆ ಮೋಸ ಅಪರೂಪ, ಖಾತೆಗಳು ಅಪಾರ. ಹಾಗಾಗಿ ತಪ್ಪಾಗಿ ಸಿಕ್ಕಿಬಿದ್ದವರ ಸಂಖ್ಯೆ ಸೊನ್ನೆ ಆಗುವುದೇ ಇಲ್ಲ. ಯಾರದೋ ಅಜಾಗರೂಕತೆಯಿಂದ ಆಗುವ ತಪ್ಪು ಇದಲ್ಲ. ಲೆಕ್ಕದಲ್ಲೇ ಕೂತಿರುವ ತಪ್ಪು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕಳ್ಳನನ್ನು ಬಿಟ್ಟರೆ ವ್ಯವಸ್ಥೆಗೆ ತನ್ನ ತಪ್ಪು ಗೊತ್ತಾಗುತ್ತದೆ. ಕಾರ್ಡ್ ಮಾಲೀಕರು ದೂರು ಕೊಡುತ್ತಾರೆ, ಚಾರ್ಜ್‌ಬ್ಯಾಕ್ ಬರುತ್ತದೆ. ಕೆಲವು ವಾರ ತಡವಾದರೂ, ತಿಂಗಳುಗಳೇ ಕಳೆದರೂ ಬರುತ್ತದೆ. ಆದರೆ ಒಳ್ಳೆಯವರ ಖಾತೆ ಮುಚ್ಚಿದರೆ ಏನು ಬರುತ್ತದೆ? ಏನೂ ಬರುವುದಿಲ್ಲ. ಖಾತೆ ಮುಚ್ಚಿದೆ, ಮುಂದಿನ ವ್ಯವಹಾರವೇ ಇಲ್ಲ, ಅವರು ಒಳ್ಳೆಯವರು ಅನ್ನುವುದಕ್ಕೆ ಸಾಕ್ಷಿ ಹುಟ್ಟುವುದೇ ಇಲ್ಲ. ದಾಖಲೆಯಲ್ಲಿ ಅವರು "ಮೋಸ" ಎಂದೇ ಉಳಿಯುತ್ತಾರೆ. ಮುಂದಿನ ಸಲ ಮಾಡೆಲ್‌ಗೆ ಪಾಠ ಹೇಳುವಾಗ ಆ ದಾಖಲೆಯನ್ನೂ ಬಳಸಿದರೆ, ಅವರಂಥವರೆಲ್ಲ ಇನ್ನಷ್ಟು ಅನುಮಾನಕ್ಕೆ ಬೀಳುತ್ತಾರೆ. ಈ ತಪ್ಪನ್ನು ಹೊರಗಿನಿಂದ ಬಂದು ಹೇಳಬಲ್ಲವರು ಒಬ್ಬರೇ, ಖಾತೆ ಕಳೆದುಕೊಂಡವರು. ಅವರಿಗೇ ನಾವು ಕಾರಣ ಹೇಳುತ್ತಿಲ್ಲ.

ಪರಿಶೀಲನೆಯ ಪರದೆ ಹೇಗಿರುತ್ತದೆ ಅಂತ ಹೇಳುತ್ತೇನೆ. ವಿವರ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ರೂಪ ಹೆಚ್ಚುಕಡಿಮೆ ಒಂದೇ. ಎಡಗಡೆ ಕ್ಯೂ. ನೋಡಬೇಕಾದ ಖಾತೆಗಳ ಸಾಲು. ಒಂದನ್ನು ಒತ್ತಿದರೆ ಸ್ಕೋರ್ ಕಾಣುತ್ತದೆ, 94 ಅನ್ನಿ. ಅದರ ಕೆಳಗೆ ಮೂರು ಸಾಲು. ಒಂದು, "ಇದೇ ಫೋನಿನಲ್ಲಿ 3 ಖಾತೆ, ಅದರಲ್ಲಿ 1 ಮೊದಲೇ ಮುಚ್ಚಿದ್ದು." ಎರಡು, "ಪಾಸ್‌ವರ್ಡ್ ಬದಲಾದ 24 ಗಂಟೆಯೊಳಗೆ ಬ್ಯಾಂಕ್ ವಿವರ ಬದಲು." ಮೂರು, "ಈ ವಾರದ ಮಾರಾಟ ಹಿಂದಿನದಕ್ಕಿಂತ 6 ಪಟ್ಟು." ಬಲಗಡೆ ಎರಡು ಬಟನ್. ನಿಮಿಷಗಳಲ್ಲಿ ಒಂದನ್ನು ಒತ್ತಬೇಕು, ಏಕೆಂದರೆ ಕ್ಯೂ ಬೆಳೆಯುತ್ತಲೇ ಇರುತ್ತದೆ.

ಆ ಮೂರು ಸಾಲು ಓದಿದರೆ ಯಾರಿಗಾದರೂ ಕಳ್ಳನೇ ಕಾಣುತ್ತಾನೆ. ಖಾತೆ ಕದ್ದು, ಬ್ಯಾಂಕ್ ವಿವರ ಬದಲಿಸಿ, ನಕಲಿ ಮಾರಾಟ ತೋರಿಸಿ ಹಣ ಎತ್ತುವ ವಿಧಾನ ಹೀಗೇ ಇರುತ್ತದೆ. ಆದರೆ ಇದೇ ಮೂರು ಸಾಲಿಗೆ ಇನ್ನೊಂದು ಕಥೆಯೂ ಇರಬಹುದು. ಒಬ್ಬ ಹೆಣ್ಣುಮಗಳು ಸೆಕೆಂಡ್ ಹ್ಯಾಂಡ್ ಫೋನ್ ಕೊಂಡಿದ್ದಾಳೆ. ಹಳೆಯ ಮಾಲೀಕನ ಖಾತೆ ಎಂದೋ ಮುಚ್ಚಿತ್ತು, ಅದು ಅವಳಿಗೆ ಗೊತ್ತೇ ಇಲ್ಲ. ಹೊಸ ಫೋನ್ ಆದ್ದರಿಂದ ಪಾಸ್‌ವರ್ಡ್ ಬದಲಿಸಿದಳು. ಕೈ ಹಾಕಿದ್ದೇ ಆಯಿತು ಅಂತ ಬ್ಯಾಂಕ್ ಖಾತೆಯನ್ನೂ ಬದಲಿಸಿದಳು. ಅದೇ ವಾರ ಅವಳ ಸಾಮಾನಿನ ಒಂದು ವಿಡಿಯೊ ವೈರಲ್ ಆಗಿ ಆರ್ಡರ್ ಮೇಲೆ ಆರ್ಡರ್ ಬಂತು. ಎರಡು ಕಥೆಯೂ ಆ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಬೇರೆ ಮಾಡಬೇಕಾದರೆ ಫೋನ್ ಕೊಂಡ ರಸೀದಿ ಬೇಕು, ಸಾಮಾನು ಕಳಿಸಿದ ಕೊರಿಯರ್ ನಂಬರ್ ಬೇಕು. ಅವೆಲ್ಲ ಅವಳ ಹತ್ತಿರ ಇವೆ. ಕೇಳಿದ್ದರೆ ಐದು ನಿಮಿಷದಲ್ಲಿ ಕಳಿಸುತ್ತಿದ್ದಳು.

ಅವಳು ಅಪೀಲು ಹಾಕುತ್ತಾಳೆ. "ನಾನು ಏನೂ ಮಾಡಿಲ್ಲ." ಅಪೀಲು ನೋಡುವ ಇನ್ನೊಬ್ಬರ ಮುಂದೆ ಅದೇ ಪರದೆ, ಅದೇ 94, ಅದೇ ಮೂರು ಸಾಲು. ಹೊಸ ಸಂಗತಿ ಏನೂ ಇಲ್ಲ. ಹಾಗಾಗಿ ಅದೇ ಉತ್ತರ. "ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ." ಕಂಪನಿ ಸುಳ್ಳು ಹೇಳಿಲ್ಲ. ನಿಜವಾಗಿಯೂ ಪರಿಶೀಲಿಸಿದ್ದಾರೆ. ಆದರೆ ಕಾರಣ ತಿಳಿಸದೆ ತೆಗೆದುಕೊಂಡ ಅಪೀಲಿನಿಂದ ಬೇರೆ ಉತ್ತರ ಬರುವ ಸಾಧ್ಯತೆಯೇ ಇರಲಿಲ್ಲ. ಕಾರಣ ಹೇಳುವುದು ಬರೀ ಮರ್ಯಾದೆಯ ವಿಷಯ ಅಲ್ಲ ಅಂತ ನಾನು ಅನ್ನುವುದು ಇದಕ್ಕೇ. ಅಪೀಲು ಕೆಲಸ ಮಾಡಬೇಕಾದರೆ ಅದು ಬೇಕು.

ಅವಳು ಮುಂದೇನು ಮಾಡುತ್ತಾಳೆ? ಹೊಟ್ಟೆಪಾಡು, ಸುಮ್ಮನೆ ಕೂರಲಾಗುವುದಿಲ್ಲ. ಅದೇ ಫೋನಿನಿಂದ ಇನ್ನೊಂದು ಖಾತೆ ತೆರೆಯುತ್ತಾಳೆ. ವ್ಯವಸ್ಥೆ ಅದನ್ನು ತಕ್ಷಣ ಹಿಡಿಯುತ್ತದೆ. "ನಿಷೇಧ ತಪ್ಪಿಸಿಕೊಳ್ಳುವ ಯತ್ನ." ಈಗ ಅವಳ ಮೇಲೆ ನಿಜವಾದ ಒಂದು ತಪ್ಪೂ ದಾಖಲಾಯಿತು. ಗಾಬರಿಯಾದ ಮನುಷ್ಯರು ಮಾಡುವುದೆಲ್ಲ ಕಳ್ಳರು ಮಾಡುವ ಹಾಗೇ ಕಾಣುತ್ತದೆ. ಈ ಒಂದು ವಿಷಯ ನನ್ನನ್ನು ಬಹಳ ಕಾಡಿದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. "ಮಾಡೆಲ್ ತುಂಬಾ ಸಂಕೀರ್ಣ, ಯಾಕೆ ಹಾಗೆ ಹೇಳಿತು ಅಂತ ನಮಗೇ ವಿವರಿಸಲು ಆಗುವುದಿಲ್ಲ" ಅನ್ನುವವರಿದ್ದಾರೆ. ಆದರೆ ಆ ಮೂರು ಸಾಲು ಪರದೆಯಲ್ಲಿ ಬಂದದ್ದು ಎಲ್ಲಿಂದ? ಕಾರಣ ಕಾಣದಿದ್ದರೆ ಪರಿಶೀಲಕರೂ ಕೆಲಸ ಮಾಡಲಾರರು. ಅದಕ್ಕೇ ಕಂಪನಿಗಳು ರೀಸನ್ ಕೋಡ್‌ಗಳನ್ನು, ಅಂದರೆ ಪ್ರತಿ ಕಾರಣಕ್ಕೂ ಒಂದು ಗುರುತನ್ನು, ತಾವಾಗಿಯೇ ಕಟ್ಟಿಕೊಂಡಿವೆ. 2017ರಲ್ಲಿ ಬಂದ ಶಾಪ್ (SHAP) ಎಂಬ ವಿಧಾನ ಈಗ ಎಲ್ಲೆಡೆ ಬಳಕೆಯಲ್ಲಿದೆ. ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞ 1953ರಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದರು. ಹಲವರು ಸೇರಿ ಗಳಿಸಿದ್ದರಲ್ಲಿ ಯಾರ ಪಾಲು ಎಷ್ಟು ಅಂತ ಹಂಚುವುದು ಹೇಗೆ ಎಂಬುದು ಆ ಪ್ರಶ್ನೆ. ಸ್ಕೋರಿನಲ್ಲಿ ಯಾವ ಸುಳಿವಿನ ಪಾಲು ಎಷ್ಟು ಅಂತ ಹೇಳಲು ಅದನ್ನೇ ಬಳಸುತ್ತಾರೆ. ಈ ವಿವರಣೆ ಪೂರ್ತಿ ನಿಖರ ಅಲ್ಲ, ನಿಜ. ಆದರೆ ಖಾತೆ ಮುಚ್ಚಲು ಇಷ್ಟು ಸಾಕು ಅಂತ ಅನ್ನಿಸಿದ ಕಾರಣ, ಮುಚ್ಚಿಸಿಕೊಂಡವರಿಗೆ ಹೇಳಲು ಮಾತ್ರ ಸಾಲದು ಅಂದರೆ ಹೇಗೆ?

ಈಗ ಎದುರಿನ ವಾದಕ್ಕೆ ಬರೋಣ. ಇದು ಗಟ್ಟಿ ವಾದ, ತಳ್ಳಿಹಾಕುವಂಥದ್ದಲ್ಲ. ಕಾರಣ ಹೇಳಿದರೆ ಕಳ್ಳರು ಕಲಿಯುತ್ತಾರೆ. "ಒಂದೇ ಫೋನಿನಲ್ಲಿ ಮೂರು ಖಾತೆ ಇದ್ದದ್ದಕ್ಕೆ ಹಿಡಿದೆವು" ಅಂದರೆ ನಾಳೆ ಅವರು ಖಾತೆಗೊಂದು ಫೋನ್ ಬಳಸುತ್ತಾರೆ. ಗೂಢಲಿಪಿ ಶಾಸ್ತ್ರದಲ್ಲಿ ಕೆರ್ಕಾಫ್ಸ್ ತತ್ವ ಅಂತ ಇದೆ, 1883ರದ್ದು. ಕೀಲಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಶತ್ರುವಿಗೆ ಗೊತ್ತಿದ್ದರೂ ವ್ಯವಸ್ಥೆ ಭದ್ರವಾಗಿರಬೇಕು ಅನ್ನುತ್ತದೆ ಅದು. ಕೆಲವರು ಅದನ್ನು ಹಿಡಿದುಕೊಂಡು, ಎಲ್ಲವನ್ನೂ ಬಯಲು ಮಾಡಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮೋಸ ಪತ್ತೆಯಲ್ಲಿ ಅಂಥ ಒಂದು ಕೀಲಿ ಇಲ್ಲ. ಇಲ್ಲಿ ಸುಳಿವುಗಳೇ ಎಲ್ಲ. ಕೆಲವು ಸುಳಿವು ಹೊರಗೆ ಗೊತ್ತಾದ ಮರುದಿನವೇ ಕೆಲಸಕ್ಕೆ ಬಾರದಂತಾಗುತ್ತವೆ. ನಕಲಿ ಫೋನ್ ತಂತ್ರಾಂಶ ಬಿಟ್ಟುಹೋಗುವ ಸಣ್ಣ ಗುರುತು, ಫಾರಂ ತುಂಬುವ ವೇಗ, ಇಂಥವನ್ನೆಲ್ಲ ಗುಟ್ಟಾಗಿಯೇ ಇಡಬೇಕು.

ಆದರೆ ಈ ಗುಟ್ಟಿನ ಭಾರ ಯಾರ ಮೇಲೆ ಬೀಳುತ್ತಿದೆ? ವೃತ್ತಿಪರ ಮೋಸಗಾರನ ಹತ್ತಿರ ನೂರಾರು ಖಾತೆ ಇರುತ್ತವೆ. ಒಂದು ಮುಚ್ಚಿದರೆ, ಉಳಿದವುಗಳಲ್ಲಿ ಒಂದೊಂದೇ ಸಂಗತಿ ಬದಲಿಸಿ ನೋಡುತ್ತಾನೆ. ಇದರಲ್ಲಿ ಫೋನ್ ಬೇರೆ, ಅದರಲ್ಲಿ ಐಪಿ ಬೇರೆ, ಇನ್ನೊಂದರಲ್ಲಿ ಪಾವತಿಯ ಮೊತ್ತ ಕಡಿಮೆ. ಯಾವುದು ಉಳಿಯಿತು, ಯಾವುದು ಹೋಯಿತು ಅಂತ ನೋಡಿ ಗೆರೆ ಎಲ್ಲಿದೆ ಅಂತ ಕಂಡುಕೊಳ್ಳುತ್ತಾನೆ. ಅವನಿಗೆ ಕಂಪನಿಯ ಪತ್ರದ ಹಂಗಿಲ್ಲ. ಆ ಹೆಣ್ಣುಮಗಳ ಹತ್ತಿರ ಇರುವುದು ಒಂದೇ ಖಾತೆ, ಅದರಲ್ಲೇ ವರ್ಷಗಳ ಗಿರಾಕಿಗಳು, ರೇಟಿಂಗ್, ಬರಬೇಕಾದ ಹಣ. ಅವಳು ಪರೀಕ್ಷೆ ಮಾಡಿ ನೋಡಲಾರಳು. ಮೌನದಿಂದ ಕಳ್ಳನಿಗೆ ಸ್ವಲ್ಪ ತಡ ಆಗಬಹುದು. ಅವಳಿಗೆ ದಾರಿಯೇ ಮುಚ್ಚುತ್ತದೆ.

ಹಾಗಾದರೆ ಪತ್ರ ಹೇಗಿರಬೇಕು? ನಾನೇ ಒಂದು ಬರೆದುಕೊಂಡು ಬಂದಿದ್ದೇನೆ.

"ಜೂನ್ 3ರಿಂದ 9ರವರೆಗೆ ನಿಮ್ಮ ಖಾತೆಗೆ ಬಂದ ಪಾವತಿಗಳಲ್ಲಿ 5 ತಮ್ಮವಲ್ಲ ಎಂದು ಕಾರ್ಡ್ ಮಾಲೀಕರು ದೂರು ಕೊಟ್ಟಿದ್ದಾರೆ. ಆ 5 ಆರ್ಡರ್‌ಗಳ ಪಟ್ಟಿ ಕೆಳಗಿದೆ. ಮೊದಲೇ ಮುಚ್ಚಿರುವ ಇನ್ನೊಂದು ಖಾತೆಯ ಜೊತೆ ನಿಮ್ಮ ಖಾತೆಗೆ ನಂಟಿದೆ ಎಂಬ ಅನುಮಾನವೂ ಇದೆ. ಇದು ಕದ್ದ ಪಾವತಿಗಳ ಬಗೆಗಿನ ನಮ್ಮ ನಿಯಮಕ್ಕೆ ವಿರುದ್ಧ. ಖಾತೆಯನ್ನು ತಡೆಹಿಡಿದದ್ದು ಸ್ವಯಂಚಾಲಿತ ವ್ಯವಸ್ಥೆ. ಈ ಆರ್ಡರ್‌ಗಳ ಸಾಮಾನು ಕಳಿಸಿದ ದಾಖಲೆ ಇದ್ದರೆ, ನೀವು ಈಚೆಗೆ ಬೇರೆಯವರು ಬಳಸಿದ ಫೋನ್ ಅಥವಾ ಕಂಪ್ಯೂಟರ್ ಬಳಸಿದ್ದರೆ, 14 ದಿನದೊಳಗೆ ತಿಳಿಸಿ. ಉತ್ತರವನ್ನು ಇದುವರೆಗೆ ಈ ಖಾತೆ ನೋಡಿರದ ಒಬ್ಬ ಪರಿಶೀಲಕರು ಓದುತ್ತಾರೆ. ದೂರು ಬಂದ 5 ಪಾವತಿಗಳ ಹಣವನ್ನು ಮಾತ್ರ ತಡೆಹಿಡಿದಿದ್ದೇವೆ. ಉಳಿದದ್ದನ್ನು ಈ ತಿಂಗಳ ಕೊನೆಗೆ ನಿಮ್ಮ ಬ್ಯಾಂಕಿಗೆ ಕಳಿಸುತ್ತೇವೆ."

ಇದನ್ನು ಓದಿ ಕಳ್ಳ ಏನು ಕಲಿತ? ಕದ್ದ ಕಾರ್ಡುಗಳು ಕದ್ದವು ಅಂತ ದೂರು ಬಂದಿದೆ ಎಂದು. ಅದು ಅವನಿಗೆ ಗೊತ್ತಿದ್ದದ್ದೇ. ಖಾತೆಗಳ ನಂಟು ಗೊತ್ತಾಗಿದೆ ಎಂದು. ಅದನ್ನೂ ಅವನು ಊಹಿಸಿರುತ್ತಾನೆ. ನಂಟು ಗೊತ್ತಾದದ್ದು ಫೋನಿನಿಂದಲೋ, ವಿಳಾಸದಿಂದಲೋ, ಬೇರೆ ಯಾವುದರಿಂದಲೋ ಎಂದು ಪತ್ರ ಬಿಟ್ಟುಕೊಟ್ಟಿಲ್ಲ. ಆದರೆ ಆ ಹೆಣ್ಣುಮಗಳಿಗೆ ಇದರಲ್ಲಿ ಬೇಕಾದದ್ದೆಲ್ಲ ಇದೆ. "ಬೇರೆಯವರು ಬಳಸಿದ ಫೋನ್" ಅಂದ ಕೂಡಲೇ ಅವಳಿಗೆ ಹೊಳೆಯುತ್ತದೆ. ಕಳ್ಳನ ಹತ್ತಿರ ಕೊರಿಯರ್ ದಾಖಲೆ ಇರುವುದಿಲ್ಲ, ಅವಳ ಹತ್ತಿರ ಇರುತ್ತದೆ. ಒಳ್ಳೆಯ ವಿವರಣೆಯ ಪರೀಕ್ಷೆ ಇದೇ ಅಂತ ನನ್ನ ಅಭಿಪ್ರಾಯ. ಅದಕ್ಕೆ ಸಾಚಾ ಮನುಷ್ಯರು ಸುಲಭವಾಗಿ ಉತ್ತರ ಕೊಡುವಂತಿರಬೇಕು, ಮೋಸಗಾರರಿಗೆ ಕೊಡಲು ಕಷ್ಟವಾಗುವಂತಿರಬೇಕು.

ಇದೆಲ್ಲ ಆಗದ ಹೋಗದ ಮಾತೇನಲ್ಲ. ಬೇರೆ ಕ್ಷೇತ್ರಗಳಲ್ಲಿ ಎಂದೋ ಆಗಿದೆ. ಅಮೆರಿಕದಲ್ಲಿ ಸಾಲ ನಿರಾಕರಿಸಿದರೆ ನಿರ್ದಿಷ್ಟ ಕಾರಣ ಕೊಡಬೇಕು ಎಂಬ ನಿಯಮ 1970ರ ದಶಕದಿಂದ ಇದೆ. "ನಮ್ಮ ಆಂತರಿಕ ನೀತಿಯ ಪ್ರಕಾರ" ಅಂದರೆ ನಡೆಯುವುದಿಲ್ಲ, "ನಿಮ್ಮ ಸ್ಕೋರ್ ಸಾಲಲಿಲ್ಲ" ಅಂದರೂ ನಡೆಯುವುದಿಲ್ಲ ಅಂತ ನಿಯಮದಲ್ಲೇ ಬರೆದಿದೆ. ಸಾಲ ಕೊಡುವವರೂ ಆಗ ಗುಟ್ಟು ಹೊರಬೀಳುತ್ತದೆ ಅನ್ನಬಹುದಿತ್ತು. ಸಾಲದ ವ್ಯವಹಾರವೇನೂ ನಿಂತುಹೋಗಲಿಲ್ಲ.

ಯುರೋಪಿನಲ್ಲಿ ವ್ಯಾಪಾರಿಗಳ ಖಾತೆ ಮುಚ್ಚುವ ಆನ್‌ಲೈನ್ ತಾಣಗಳು ಯಾವ ನಿರ್ದಿಷ್ಟ ಸಂಗತಿಯಿಂದ ಆ ನಿರ್ಧಾರಕ್ಕೆ ಬಂದವು ಅಂತ ತಿಳಿಸಬೇಕು ಎಂಬ ನಿಯಮ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರಲ್ಲಿ ಕೆಲವು ವಿನಾಯಿತಿಗಳೂ ಇವೆ. ಅದಾದ ಮೇಲೆ ಡಿಜಿಟಲ್ ಸರ್ವಿಸಸ್ ಆ್ಯಕ್ಟ್ ಬಂತು, 2024ರ ಫೆಬ್ರುವರಿ 17ರಿಂದ ಪೂರ್ತಿ ಅನ್ವಯ. ಬಳಕೆದಾರರು ಹಾಕಿದ್ದು ನಿಯಮಕ್ಕೆ ವಿರುದ್ಧ ಅಂತ ಖಾತೆ ಮುಚ್ಚಿದರೆ ಸ್ಪಷ್ಟವಾದ ಕಾರಣ ಕೊಡಬೇಕು. ನಿರ್ಧಾರದಲ್ಲಿ ಯಂತ್ರದ ಪಾತ್ರ ಇದ್ದರೆ ಹೇಳಬೇಕು. ಆನ್‌ಲೈನ್ ತಾಣಗಳು ಅದರ ವಿರುದ್ಧ ಬಳಕೆದಾರರು ಕೊಟ್ಟ ದೂರಿನ ತೀರ್ಮಾನವನ್ನು ಬರೀ ಯಂತ್ರಕ್ಕೆ ಬಿಡುವಂತಿಲ್ಲ.

ಕೋರ್ಟುಗಳೂ ಈ ಪ್ರಶ್ನೆಗೆ ಮುಖಾಮುಖಿ ಆಗಿವೆ. ಕೆಲವು ಉಬರ್ ಚಾಲಕರ ಖಾತೆಗಳನ್ನು ಮೋಸದ ಆರೋಪದ ಮೇಲೆ ಮುಚ್ಚಲಾಗಿತ್ತು. 2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೇಲ್ಮನವಿ ನ್ಯಾಯಾಲಯ ಚಾಲಕರ ಪರವಾಗಿ ತೀರ್ಪು ಕೊಟ್ಟಿತು. ಮನುಷ್ಯರು ನೋಡಿದ್ದಾರೆ ಎಂದು ಕಂಪನಿ ಹೇಳಿತ್ತು. ಆ ನೋಟ ಬರೀ ಹೆಸರಿಗೆ ಎಂಬ ನಿಲುವಿಗೆ ನ್ಯಾಯಾಲಯ ಬಂತು, ಚಾಲಕರಿಗೆ ಮಾಹಿತಿ ಕೊಡಿ ಅಂದಿತು. ಯಾರೋ ಒಬ್ಬರು ಬಟನ್ ಒತ್ತಿದ ಮಾತ್ರಕ್ಕೆ ಅದು ಮನುಷ್ಯರ ನಿರ್ಧಾರ ಆಗುವುದಿಲ್ಲ ಎನ್ನುವುದು ಆ ಪರದೆಯ ಮುಂದೆ ಕೂತವರಿಗೆಲ್ಲ ಗೊತ್ತಿರುವ ಸತ್ಯ.

ಇನ್ನೊಂದು ತೀರ್ಪು ನನಗೆ ಇನ್ನೂ ಇಷ್ಟ. ಆಸ್ಟ್ರಿಯಾದಲ್ಲಿ ಒಬ್ಬರಿಗೆ ತಿಂಗಳಿಗೆ 10 ಯೂರೋ ಬರುವ ಮೊಬೈಲ್ ಕರಾರನ್ನು ನಿರಾಕರಿಸಿದರು. ಯಂತ್ರ ಕೊಟ್ಟ ಸ್ಕೋರ್ ಅದಕ್ಕೆ ಕಾರಣ. ಯಾಕೆ ಅಂತ ಕೇಳಿದ್ದು ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. 2025ರ ಫೆಬ್ರುವರಿ 27ರಂದು ತೀರ್ಪು ಬಂತು. ಗಣಿತದ ಸೂತ್ರ ಕೈಗಿಟ್ಟರೆ ಅದು ವಿವರಣೆ ಅಲ್ಲ. ಆ ವ್ಯಕ್ತಿಯ ಯಾವ ಮಾಹಿತಿಯನ್ನು ಹೇಗೆ ಬಳಸಿ ಆ ಫಲಿತಾಂಶಕ್ಕೆ ಬಂದರು ಅಂತ ಅರ್ಥವಾಗುವ ಹಾಗೆ ಹೇಳಬೇಕು. ವ್ಯಾಪಾರದ ಗುಟ್ಟು ಇದೆ ಅನ್ನುವುದಾದರೆ ಅದನ್ನು ಕೋರ್ಟಿಗೋ ಪ್ರಾಧಿಕಾರಕ್ಕೋ ತೋರಿಸಿ, ಎಷ್ಟು ಹೇಳಬೇಕು ಅಂತ ಅವರು ತೂಗಿ ನೋಡುತ್ತಾರೆ. ಗುಟ್ಟಿಗೂ ನ್ಯಾಯಕ್ಕೂ ಎರಡಕ್ಕೂ ಜಾಗ ಕೊಡುವ ದಾರಿ ಇದು.

ಭಾರತದ ಸುಪ್ರೀಂ ಕೋರ್ಟ್ ಕೂಡ 2023ರ ಮಾರ್ಚ್‌ನಲ್ಲಿ ಇದಕ್ಕೆ ಹತ್ತಿರದ ಮಾತು ಹೇಳಿದೆ. ಅದು ಸಾಲಗಾರರ ಖಾತೆಯನ್ನು ಬ್ಯಾಂಕುಗಳು ವಂಚನೆ ಎಂದು ಘೋಷಿಸುವ ವಿಷಯ. ಘೋಷಿಸುವ ಮೊದಲು ಅವರ ಮಾತು ಕೇಳಬೇಕು ಅಂದಿತು ಕೋರ್ಟ್. 2024ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ನಿಯಮವನ್ನೇ ಬದಲಿಸಿ, ನೋಟಿಸ್ ಕೊಟ್ಟು ಉತ್ತರಕ್ಕೆ ಕನಿಷ್ಠ 21 ದಿನ ಕೊಡಬೇಕು ಎಂದು ಬರೆಯಿತು. ಅಲ್ಲಿ ಆರೋಪ ಹೊರಿಸುವುದು ಆ್ಯಪ್ ಅಲ್ಲ, ಬ್ಯಾಂಕು. ಆದರೆ ಹೆಸರಿಗೆ ಹತ್ತುವ ಕಳಂಕ ಒಂದೇ.

ಕಾರಣ ಹೇಳದೆ ಯಂತ್ರವನ್ನು ಓಡಿಸಿದರೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಕಥೆ ಇದೆ. ಅದು ಕಂಪನಿಯದ್ದಲ್ಲ, ಸರ್ಕಾರದ್ದು. 2013ರಲ್ಲಿ ನಿರುದ್ಯೋಗ ಭತ್ಯೆಯ ಮೋಸ ಹಿಡಿಯಲು ಮೈಡಾಸ್ ಎಂಬ ವ್ಯವಸ್ಥೆ ತಂದರು. ಅದು ಜನರಿಗೆ ಪ್ರಶ್ನಾವಳಿ ಕಳಿಸುತ್ತಿತ್ತು. ಅನುಮಾನಕ್ಕೆ ಆಧಾರ ಏನು ಅಂತ ಅದರಲ್ಲಿ ಇರುತ್ತಿರಲಿಲ್ಲ. ಎಷ್ಟೋ ಪ್ರಶ್ನಾವಳಿಗಳು ಹೋದದ್ದು ಜನ ತೆರೆದು ನೋಡುವುದನ್ನೇ ಬಿಟ್ಟಿದ್ದ ಆನ್‌ಲೈನ್ ಖಾತೆಗಳಿಗೆ. ಉತ್ತರ ಬರದಿದ್ದರೆ ತಪ್ಪು ಒಪ್ಪಿಕೊಂಡ ಲೆಕ್ಕ. ಭತ್ಯೆ ವಾಪಸ್ ಕೊಡಬೇಕು, ಮೇಲೆ ಅದರ 4 ಪಟ್ಟು ದಂಡ. ಆಮೇಲೆ ರಾಜ್ಯವೇ ಯಂತ್ರ ಮಾತ್ರ ತೀರ್ಮಾನಿಸಿದ್ದ 22,427 ಪ್ರಕರಣಗಳನ್ನು ಮತ್ತೆ ನೋಡಿಸಿತು. 93 ಶೇಕಡಾ ತಪ್ಪು. ಆ ಜನರಿಗೆ ಮೊದಲೇ "ನಿಮ್ಮ ಸಂಬಳದ ಈ ಅಂಕಿ, ನಿಮ್ಮ ಮಾಲೀಕರು ಕೊಟ್ಟ ಆ ಅಂಕಿಗೆ ಹೊಂದುತ್ತಿಲ್ಲ" ಅಂತ ಒಂದು ಸಾಲು ಬರೆದಿದ್ದರೆ ಎಷ್ಟು ಜನ ಪೇ ಸ್ಲಿಪ್ ತೋರಿಸಿ ಬಿಡಿಸಿಕೊಳ್ಳುತ್ತಿದ್ದರು, ಯೋಚನೆ ಮಾಡಿ.

ಒಂದು ಕಡೆ ಮಾತ್ರ ನನ್ನ ವಾದ ನಡೆಯುವುದಿಲ್ಲ. ಕಪ್ಪುಹಣ ಬಿಳಿ ಮಾಡುವ ಅನುಮಾನ ಬಂದರೆ ಬ್ಯಾಂಕುಗಳು ಸರ್ಕಾರಕ್ಕೆ ಗುಟ್ಟಾಗಿ ವರದಿ ಮಾಡಬೇಕು. ವರದಿ ಮಾಡಿದ್ದೇವೆ ಅಂತ ಗ್ರಾಹಕರಿಗೆ ಹೇಳುವುದು ಕಾನೂನಿಗೆ ವಿರುದ್ಧ. ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 21ನೇ ಶಿಫಾರಸು ಇದು, ಬಹುತೇಕ ದೇಶಗಳು ಪಾಲಿಸುತ್ತವೆ. ತನಿಖೆ ಕೆಡಬಾರದು, ಸರಿ. ಆದರೆ ಈ ನೆಪ ಬಹಳ ದೂರ ಹಿಗ್ಗುತ್ತದೆ. ಸಪೋರ್ಟ್‌ನವರು ಎಡವಿ ಏನಾದರೂ ಹೇಳಿಬಿಟ್ಟರೆ ಅಂತ ಕಂಪನಿಗಳು ಯಾರಿಗೂ ಏನೂ ಹೇಳದ ಪದ್ಧತಿ ಇಟ್ಟುಕೊಳ್ಳುತ್ತವೆ. ಚಾರ್ಜ್‌ಬ್ಯಾಕ್ ಬಂದವರಿಗೂ ಮೌನ, ಫೋನ್ ಬದಲಿಸಿದವರಿಗೂ ಮೌನ. ನಿಜವಾಗಿ ಬಾಯಿ ಕಟ್ಟಿರುವ ಪ್ರಕರಣಗಳಿಗೆ ಬೇರೆ ದಾರಿ ಇದೆ. ಬ್ರಿಟನ್ನಿನಲ್ಲಿ ಗ್ರಾಹಕರ ದೂರುಗಳನ್ನು ತೀರ್ಮಾನಿಸುವ ಹಣಕಾಸು ಓಂಬುಡ್ಸ್‌ಮನ್ ಸೇವೆ ಕೆಲವು ಸಾಕ್ಷ್ಯಗಳನ್ನು ಗುಟ್ಟಾಗಿ ನೋಡಿ, ಗ್ರಾಹಕರಿಗೆ ಸಾರಾಂಶ ಮಾತ್ರ ತಿಳಿಸಬಹುದು. ಕಾರಣ ಗ್ರಾಹಕರ ಕಣ್ಣಿಗೆ ಬೀಳದಿದ್ದರೂ, ಕಂಪನಿಯವರಲ್ಲದ ಒಬ್ಬರ ಕಣ್ಣಿಗಾದರೂ ಬೀಳುತ್ತದೆ.

ಇಲ್ಲಿಗೆ ನನ್ನ ಮಾತು. ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ದಿನಕ್ಕೆ ಲಕ್ಷಗಟ್ಟಲೆ ನಕಲಿ ಖಾತೆಗಳನ್ನು ತೆಗೆಯುವ ಕಂಪನಿ ಒಂದೊಂದಕ್ಕೂ ಹೀಗೆ ಪತ್ರ ಬರೆಯಬೇಕಾ?"

ಬೇಡ. ನೋಂದಣಿಯಾದ ನಿಮಿಷದಲ್ಲೇ ಸಾವಿರಾರು ಜನಕ್ಕೆ ಒಂದೇ ಲಿಂಕ್ ಕಳಿಸಿದ ಬಾಟ್‌ಗೆ (ತಾನಾಗಿ ಓಡುವ ತಂತ್ರಾಂಶಕ್ಕೆ) ಯಾವ ಪತ್ರವೂ ಬೇಡ. ಮೋಸದ ಉದ್ದೇಶದಿಂದ ರಾಶಿ ರಾಶಿ ಹಾಕುವ ವ್ಯಾಪಾರಿ ಸಂದೇಶಗಳನ್ನು ಯುರೋಪಿನ ಕಾನೂನೂ ಹೊರಗಿಟ್ಟಿದೆ. ಖಾತೆಯಲ್ಲಿ ಕಳೆದುಕೊಳ್ಳುವಂಥದ್ದು ಏನಿದೆ ಅಂತ ನೋಡಿ. ಹಣ ಇದೆಯಾ, ವರ್ಷಗಳ ವ್ಯವಹಾರ ಇದೆಯಾ, ಒಬ್ಬರ ದುಡಿಮೆ ಅದರ ಮೇಲೆ ನಿಂತಿದೆಯಾ? ಹಾಗಿದ್ದರೆ ವಿವರವಾದ ಪತ್ರ ಬೇಕು. ಅಂಥ ಖಾತೆಗಳು ಒಟ್ಟು ಲೆಕ್ಕದಲ್ಲಿ ಕಡಿಮೆ. ಪತ್ರವನ್ನೂ ಯಾರೂ ಕೂತು ಬರೆಯಬೇಕಿಲ್ಲ, ರೀಸನ್ ಕೋಡ್‌ಗೆ ಒಂದೊಂದು ಒಳ್ಳೆಯ ವಾಕ್ಯ ಮೊದಲೇ ಬರೆದಿಟ್ಟರೆ ಆಯಿತು. ಆ ವಾಕ್ಯಗಳನ್ನು ಮಾತ್ರ ವಕೀಲರ ಕೈಗೆ ಬಿಡದೆ, ಪರಿಶೀಲಕರ ಜೊತೆ ಕೂತು ಬರೆಯಿರಿ.

ಇನ್ನೊಬ್ಬರು, ಒಂದು ಕಂಪನಿ ನಡೆಸುವವರು, ಕೇಳಿದ್ದು: "ಕಾರಣ ಬರೆದುಕೊಟ್ಟರೆ ಅದನ್ನೇ ಹಿಡಿದು ನಮ್ಮ ಮೇಲೆ ಕೇಸು ಹಾಕುತ್ತಾರಲ್ಲ ಸರ್?"

ಹಾಕಬಹುದು. ಬಹಳ ಕಂಪನಿಗಳ ಮೌನಕ್ಕೆ ಕಳ್ಳರ ಭಯಕ್ಕಿಂತ ಇದೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಬಾಯಿ ಬಿಟ್ಟು ಕೇಳಿದ್ದಕ್ಕೆ ನಿಮಗೆ ಧನ್ಯವಾದ. ಬರೆದ ಕಾರಣ ತಪ್ಪಾಗಿದ್ದರೆ ನಿಮ್ಮನ್ನು ಕೇಳುವ ಹಕ್ಕು ಅವರಿಗೆ ಸಿಗಲೇಬೇಕು. ಆದರೆ ಕಾರಣ ಕೊಟ್ಟು, ಉತ್ತರ ತರಿಸಿಕೊಂಡು, ಅದನ್ನು ಓದಿ ತೀರ್ಮಾನಿಸಿದ ಕಂಪನಿ ಕೋರ್ಟಿನಲ್ಲಿ ತೋರಿಸಲು ಕೈಯಲ್ಲಿ ಏನಾದರೂ ಇಟ್ಟುಕೊಂಡಿರುತ್ತದೆ. ನಾಲ್ಕು ಸಾಲಿನ ಟೆಂಪ್ಲೇಟ್ ಕಳಿಸಿದವರ ಹತ್ತಿರ ಏನಿರುತ್ತದೆ?

ಕೊನೆಯ ಪ್ರಶ್ನೆ ಒಬ್ಬ ಡೇಟಾ ಸೈಂಟಿಸ್ಟ್ ಹುಡುಗಿಯದು: "ನಾನು ಕೆಲಸ ಮಾಡುವ ಕಡೆ ಇದನ್ನು ಶುರು ಮಾಡಿಸಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?"

ಹೋಗಿ ತಿರಸ್ಕೃತವಾದ ಅಪೀಲುಗಳಿಂದ ಒಂದಷ್ಟನ್ನು ಕಣ್ಣುಮುಚ್ಚಿ ಆರಿಸಿಕೋಮ್ಮ. ಆ ಖಾತೆಗಳವರಿಗೆ ರೀಸನ್ ಕೋಡ್‌ಗಳನ್ನು ಸರಳ ಮಾತಿನಲ್ಲಿ ಬರೆದು ಕಳಿಸು, ಯಾವ ದಾಖಲೆ ಬೇಕು ಅಂತಲೂ ಹೇಳು. ಬಂದ ಉತ್ತರಗಳನ್ನು ಹೊಸ ಪರಿಶೀಲಕರಿಗೆ ಕೊಡು, ಹಳೆಯ ನಿರ್ಧಾರ ಅವರಿಗೆ ಕಾಣದಿರಲಿ. ಎಷ್ಟು ತಿರುಗುಮುರುಗಾಗುತ್ತವೆ ನೋಡು. ಹಾಗೆ ತಿರುಗಿದ ಖಾತೆಗಳ ಮೇಲಿನ "ಮೋಸ" ಎಂಬ ಹಣೆಬರಹವನ್ನು ದಾಖಲೆಯಲ್ಲೂ ತಿದ್ದಿಸು, ನಿನ್ನ ಮಾಡೆಲ್‌ಗೆ ಇಲ್ಲಿಯವರೆಗೆ ಸಿಗದಿದ್ದ ಪಾಠ ಅದು. ಆಮೇಲೆ ಆ ಅಂಕಿ ಹಿಡಿದು ಮೇಲಿನವರ ಹತ್ತಿರ ಹೋಗು. ಜೊತೆಗೆ ಆ ಖಾತೆಗಳಲ್ಲಿ ಸಿಕ್ಕಿಕೊಂಡಿದ್ದ ಹಣ ಒಟ್ಟು ಎಷ್ಟು, ಎಷ್ಟು ದಿನದಿಂದ ಸಿಕ್ಕಿಕೊಂಡಿತ್ತು ಅನ್ನುವುದನ್ನೂ ಮರೆಯದೆ ಬರೆದುಕೊಂಡು ಹೋಗು.